ಲೈವ್ ಲಿನಕ್ಸ್‌ನಲ್ಲಿ ಪಿಂಗ್ ಹೋಗುತ್ತದೆ, ಬ್ರೌಸರ್ ತೆರೆಯುವುದಿಲ್ಲ: ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಹೊರತೆಗೆಯಬೇಕಾಗಿದೆ

ತಾಳಮದ್ದಳೆ_ಬ್ರಹ್ಮಾವರ:

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಸಮೀಪ ಇರುವ ನಮ್ಮ ಹವ್ಯಾಸಿ ಯಕ್ಷಗಾನ ಸಂಘದ ಕೋಣೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಮಳೆಗಾಲದ ತಾಳಮದ್ದಳೆ ಕೂಟಗಳ ಧ್ವನಿಮುದ್ರಣಗಳು, ಊರಿನ ಮನೆಗಳಿಂದ ಕೇಳಿ ತಂದು ಸ್ಕ್ಯಾನ್ ಮಾಡಿದ ಪ್ರಸಂಗಗಳ ಕೈಬರಹದ ಪ್ರತಿಗಳು, ಎಲ್ಲವೂ ಅದರಲ್ಲಿಯೇ ಇವೆ. ಈಗ ನಮ್ಮ ನಡುವೆ ಇಲ್ಲದ ಕೆಲವು ಅರ್ಥಧಾರಿಗಳ ಧ್ವನಿ ಬೇರೆಲ್ಲಿಯೂ ಉಳಿದಿಲ್ಲವಾದ್ದರಿಂದ ಆತುರದ ಪ್ರಯೋಗ ಮಾಡಲು ನನಗೆ ಮನಸ್ಸಿಲ್ಲ. ತಿಳಿದವರನ್ನು ಕೇಳಿಯೇ ಮುಂದುವರಿಯೋಣವೆಂದು ಬರೆಯುತ್ತಿದ್ದೇನೆ.

ಮೊನ್ನೆ ಗುಡುಗು ಸಿಡಿಲು ಜೋರಾಗಿದ್ದ ರಾತ್ರಿ ಕಳೆದ ಮೇಲೆ ವಿಂಡೋಸ್ ಪೂರ್ತಿ ಏಳುತ್ತಿಲ್ಲ. ಲೋಗೋ ಬಂದು ಅಲ್ಲಿಗೇ ನಿಲ್ಲುತ್ತದೆ. ಸಂಘದ ಸದಸ್ಯರೊಬ್ಬರ ಬಳಿ ಇದ್ದ ಲಿನಕ್ಸ್ ಮಿಂಟ್ 21ರ ಪೆನ್‌ಡ್ರೈವ್ ಹಾಕಿ (ಡಿಸ್ಕಿಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ನಡೆಯುವ ‘ಲೈವ್’ ವ್ಯವಸ್ಥೆ) ಬೂಟ್ ಮಾಡಿದರೆ ಕಂಪ್ಯೂಟರ್ ತೊಂದರೆಯಿಲ್ಲದೆ ಏಳುತ್ತದೆ, ಹಾರ್ಡ್ ಡಿಸ್ಕ್ ಕಾಣಿಸುತ್ತದೆ, ಕೆಲವು ಫೋಲ್ಡರ್‌ಗಳನ್ನು ತೆರೆದೂ ನೋಡಿದ್ದೇನೆ. ಅಷ್ಟು ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್ ನಮ್ಮಲ್ಲಿ ಸದ್ಯಕ್ಕೆ ಇಲ್ಲದಿರುವುದರಿಂದ ಎಲ್ಲವನ್ನೂ ಅಂತರಜಾಲದ ಸಂಗ್ರಹಕ್ಕೆ ಏರಿಸಿಬಿಡಬೇಕೆಂಬುದು ನನ್ನ ಯೋಚನೆಯಾಗಿತ್ತು. ಆದರೆ ನೆಟ್‌ವರ್ಕ್ ಕೈಕೊಡುತ್ತಿದೆ.

ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ಲ್ಯಾನ್ ಕೇಬಲ್ ಸಿಕ್ಕಿಸಿದರೆ ‘ಸಂಪರ್ಕಗೊಂಡಿದೆ’ ಎಂದು ಬರುತ್ತದೆ, 192.168.1.23 ಎಂಬ ವಿಳಾಸವೂ ಸಿಗುತ್ತದೆ. ನಡುನಡುವೆ ತಾನಾಗಿಯೇ ಕಡಿದುಹೋಗಿ ಮತ್ತೆ ಬರುತ್ತದೆ. ಸಂಪರ್ಕ ಇರುವಾಗ ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಮಾಡಿದರೆ, ಅಂದರೆ ಚಿಕ್ಕ ಪರೀಕ್ಷಾ ಸಂದೇಶ ಕಳುಹಿಸಿದರೆ, ಉತ್ತರ ಬರುತ್ತದೆ. ಹಾಗಿದ್ದರೂ ಬ್ರೌಸರ್‌ನಲ್ಲಿ ಯಾವ ತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆಯ ಪುಟವೇ ಎದುರಾಗುತ್ತದೆ. ಪರಿಚಿತರೊಬ್ಬರ ಸಲಹೆಯಂತೆ ಡಿಎನ್‌ಎಸ್ (ತಾಣದ ಹೆಸರನ್ನು ವಿಳಾಸವಾಗಿ ಬದಲಿಸುವ ಸೇವೆ) ಬದಲಿಸಿ ನೋಡಿದೆ, ಏನೂ ವ್ಯತ್ಯಾಸವಾಗಲಿಲ್ಲ. ವೈಫೈ ಡಾಂಗಲ್ ಸಿಕ್ಕಿಸಿದರೆ ವೈಫೈ ಪಟ್ಟಿಯೇ ಮೂಡುವುದಿಲ್ಲ, ಅದರ ಬದಲು ಪರದೆಯ ಮೇಲೆ ಒಂದು ಸಿಡಿಯ ಚಿತ್ರ ಕಾಣಿಸಿಕೊಳ್ಳುತ್ತದೆ. ಇದೇ ಕೇಬಲ್‌ನ ಇನ್ನೊಂದು ತುದಿಯಲ್ಲಿರುವ ರೂಟರ್‌ನಿಂದ ಮೊಬೈಲ್‌ಗಳಿಗೆ ವೈಫೈ ಸರಿಯಾಗಿಯೇ ಸಿಗುತ್ತಿದೆ. ಸಿಡಿಲಿಗೆ ಲ್ಯಾನ್ ಪೋರ್ಟ್ ಸುಟ್ಟುಹೋಗಿರಬಹುದೇ? ಎಲ್ಲಿಂದ ಹುಡುಕಲು ತೊಡಗಬೇಕು?

ಕದ್ರಿ_ಗುಡ್ಡೆ:

ನಮಸ್ಕಾರ ಬ್ರಹ್ಮಾವರದವರೇ. ನೆಟ್‌ವರ್ಕಿನ ವಿಚಾರಕ್ಕೆ ಬರುವ ಮೊದಲು ಡಿಸ್ಕಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನಿಮಗೆ ಬೇಕಾಗಿರುವ ವಸ್ತು ಇರುವುದು ಅಲ್ಲಿ. ವಿಂಡೋಸ್ ಅರ್ಧದಲ್ಲಿ ನಿಂತಿರುವುದಕ್ಕೆ ಡಿಸ್ಕ್ ಹಾಳಾಗುತ್ತಿರುವುದೇ ಕಾರಣವಾಗಿರಬಹುದು. ಹಾಗಿದ್ದರೆ ಅದರ ಮೇಲೆ ಬರೆಯುವ ಪ್ರತಿಯೊಂದು ಕೆಲಸವೂ ಅಪಾಯವೇ. ಫೈಲ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ಚಿತ್ರವನ್ನು ಒತ್ತಿ ತೆರೆಯುವ ಬದಲು ಟರ್ಮಿನಲ್‌ನಲ್ಲಿ ‘ಮೌಂಟ್’ ಆಜ್ಞೆಗೆ ‘ಆರ್‌ಒ’ ಎಂಬ ಆಯ್ಕೆ ಕೊಟ್ಟು, ಓದಲು ಮಾತ್ರ ಅನುಮತಿ ಇರುವಂತೆ ತೆರೆಯಿರಿ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಇರುವುದರಿಂದ ವಿಂಡೋಸ್ ತನ್ನ ಡಿಸ್ಕನ್ನು ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿ ಬಿಟ್ಟಿರುತ್ತದೆ. ಆ ನಿದ್ರೆಯ ಫೈಲನ್ನು ಅಳಿಸಿದರೆ ಬರೆಯಲು ಅವಕಾಶ ಸಿಗುತ್ತದೆ ಎಂದು ಯಾರಾದರೂ ಹೇಳಿದರೂ ದಯವಿಟ್ಟು ಒಪ್ಪಬೇಡಿ. ನಿಮಗೆ ಬರೆಯುವ ಅಗತ್ಯವೇ ಇಲ್ಲ. ಮಿಂಟ್‌ನ ಮೆನುವಿನಲ್ಲಿ ‘ಡಿಸ್ಕ್ಸ್’ ಎಂಬ ತಂತ್ರಾಂಶವಿದೆ, ಅದರಲ್ಲಿ ಡಿಸ್ಕಿನ ಆರೋಗ್ಯ ಹೇಳುವ ‘ಸ್ಮಾರ್ಟ್’ ಮಾಹಿತಿಯನ್ನು ತೆರೆದು ‘ರೀಅಲೊಕೇಟೆಡ್’ (ಕೆಟ್ಟು ಬದಲಿ ಜಾಗ ಪಡೆದ) ಮತ್ತು ‘ಪೆಂಡಿಂಗ್’ (ಓದಲು ತೊಂದರೆ ಕೊಡುತ್ತಿರುವ) ಸೆಕ್ಟರ್‌ಗಳ ಎದುರು ಇರುವ ಸಂಖ್ಯೆಯನ್ನು ನೋಡಿ. ಸೊನ್ನೆಯಾಗಿದ್ದರೆ ನಿಧಾನವಾಗಿ ಕೆಲಸ ಮಾಡಬಹುದು. ‘ಪೆಂಡಿಂಗ್’ ಸಂಖ್ಯೆ ಏರುತ್ತಾ ಹೋಗುತ್ತಿದ್ದರೆ ನೆಟ್‌ವರ್ಕ್ ರಿಪೇರಿಯನ್ನು ಬದಿಗಿಟ್ಟು ಮೊದಲು ಒಂದು ಡಿಸ್ಕ್ ಕೊಂಡು ತನ್ನಿ.

ಈಗ ನೆಟ್‌ವರ್ಕ್. ಪೋರ್ಟ್ ಪೂರ್ತಿ ಸುಟ್ಟುಹೋಗಿದ್ದರೆ ರೂಟರ್ ವಿಳಾಸವನ್ನು ಕೊಡುತ್ತಲೇ ಇರಲಿಲ್ಲ. ವಿಳಾಸ ಸಿಕ್ಕಿದೆ ಎಂದರೆ ಕಾರ್ಡಿಗೆ ಡ್ರೈವರ್ ಇದೆ, ತಂತಿಯಲ್ಲಿ ಮಾತು ಹೋಗಿ ಬಂದಿದೆ, ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸ ಮಾಡಿದೆ ಎಂದೇ ಅರ್ಥ. 8.8.8.8 ಉತ್ತರಿಸಿದೆ ಎಂದರೆ ರೂಟರ್‌ನಿಂದ ಆಚೆಗೂ ದಾರಿ ತೆರೆದಿದೆ. ಹಾಗಾಗಿ ಉಳಿದಿರುವುದು ಹೆಸರನ್ನು ವಿಳಾಸವಾಗಿ ಬದಲಿಸುವ ಹಂತ ಮತ್ತು ಅದರ ಮೇಲಿನ ಸುರಕ್ಷಿತ ಸಂಪರ್ಕದ ಹಂತ. ಡಿಎನ್‌ಎಸ್ ಕೆಟ್ಟಿದ್ದರೆ ‘ತಾಣ ಸಿಗಲಿಲ್ಲ’ ಎಂಬ ಪುಟ ಬರಬೇಕಿತ್ತೇ ಹೊರತು ‘ಸುರಕ್ಷಿತವಲ್ಲ’ ಎಂಬ ಪುಟವಲ್ಲ. ಆದ್ದರಿಂದ ಡಿಎನ್‌ಎಸ್ ಬದಲಿಸಿದ್ದರಿಂದ ಏನೂ ಆಗದೇ ಇದ್ದದ್ದು ಸಹಜವೇ. ಆದರೂ ಊಹೆಯಲ್ಲಿ ನಿಲ್ಲುವುದು ಬೇಡ. ‘ಐಪಿ ಲಿಂಕ್’, ‘ಐಪಿ ರೂಟ್’, ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಇವುಗಳು ತೋರಿಸುವುದನ್ನು ಇಲ್ಲಿ ಹಾಕಿ. ತಂತ್ರಾಂಶಗಳ ಪಟ್ಟಿಯನ್ನು ಭಂಡಾರದಿಂದ ಹೊಸದಾಗಿ ತರಿಸುವ ‘ಸುಡೊ ಆಪ್ಟ್ ಅಪ್‌ಡೇಟ್’ ಕೊಟ್ಟಾಗ ಏನು ಬರುತ್ತದೆ ಎಂಬುದನ್ನೂ ಪೂರ್ತಿಯಾಗಿ ಬರೆಯಿರಿ. ಅದು ಬ್ರೌಸರ್‌ಗಿಂತ ಬಿಡಿಸಿ ಮಾತನಾಡುತ್ತದೆ. ಎಲ್‌ಎಸ್‌ಯುಎಸ್‌ಬಿ ಕೊಟ್ಟರೆ ಡಾಂಗಲ್‌ನ ಗುರುತು ಸಿಗುತ್ತದೆ. ತಂತಿ ಕಡಿದು ಬರುವ ವಿಚಾರಕ್ಕೆ ‘ಡಿಎಂಇಎಸ್‌ಜಿ’ಯ ಕೊನೆಯ ಸಾಲುಗಳು ಬೇಕು. ಲೈವ್ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಆರಿಸಿದೊಡನೆ ಈ ದಾಖಲೆಗಳೆಲ್ಲ ಅಳಿದುಹೋಗುತ್ತವೆ, ಅದಕ್ಕಾಗಿ ಆರಿಸುವ ಮೊದಲೇ ಫೋನಿನಲ್ಲಿ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ದಕ್ಕೆ_ಮಲ್ಪೆ:

ಕದ್ರಿಯವರು ಹೇಳಿದ ಕ್ರಮ ಸರಿಯಾಗಿದೆ. ತಂತಿಯ ಬಗ್ಗೆ ಮಾತ್ರ ನನ್ನದೊಂದು ಸೇರ್ಪಡೆ. ಮಲ್ಪೆಯ ಮೀನುಗಾರಿಕೆ ಕಚೇರಿಗಳು, ಐಸ್ ಪ್ಲಾಂಟ್‌ಗಳು, ಬೀಚ್ ಬದಿಯ ವಸತಿಗೃಹಗಳಲ್ಲಿ ಕೇಬಲ್ ಎಳೆಯುವುದೇ ನನ್ನ ಉದ್ಯೋಗವಾದ್ದರಿಂದ ಇದನ್ನು ದಿನನಿತ್ಯ ನೋಡುತ್ತಿದ್ದೇನೆ. ಕಡಲ ಬದಿಯ ಊರುಗಳಲ್ಲಿ ತಂತಿ ಕಡಿದು ಕಡಿದು ಬರುತ್ತಿದೆಯೆಂದರೆ ಸಿಡಿಲಿಗಿಂತ ಮೊದಲು ಉಪ್ಪುಗಾಳಿಯನ್ನು ಅನುಮಾನಿಸಬೇಕು. ಕೇಬಲ್‌ನ ತುದಿಯನ್ನು ಹೊರತೆಗೆದು ಒಳ್ಳೆಯ ಬೆಳಕಿನಲ್ಲಿ ಹಿಡಿದು, ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಸಾಲಾಗಿರುವ ಎಂಟು ಪಿನ್ನುಗಳನ್ನು ನೋಡಿ. ಹೊಳೆಯುವ ಹಳದಿ ಬಣ್ಣ ಮಾಸಿ ಎಲ್ಲಾದರೂ ಹಸಿರು ಕಿಲುಬು ಕೂತಿದ್ದರೆ ಆ ಪಿನ್ನು ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ. ಪೋರ್ಟಿನ ಒಳಗಿನ ತೆಳು ತಂತಿಗಳನ್ನೂ ಟಾರ್ಚ್ ಹಾಕಿ ನೋಡಿ. ಒಂದು ಬಾಗಿ ಪಕ್ಕದ್ದಕ್ಕೆ ತಾಗಿರುವುದೂ ಉಂಟು.

‘ಸುಡೊ ಈಥ್‌ಟೂಲ್’ ಎಂದು ಬರೆದು ಮುಂದೆ ಕಾರ್ಡಿನ ಹೆಸರು ಕೊಟ್ಟರೆ ವೇಗ ತೋರಿಸುತ್ತದೆ. ಗಿಗಾಬಿಟ್ ವೇಗಕ್ಕೆ ಕೇಬಲ್‌ನ ನಾಲ್ಕೂ ಜೊತೆ ತಂತಿಗಳು ಬೇಕು, 100 ಮೆಗಾಬಿಟ್‌ಗೆ 1-2 ಮತ್ತು 3-6 ಎಂಬ ಎರಡು ಜೊತೆ ಸಾಕು. ಕಾರ್ಡ್, ರೂಟರ್ ಎರಡೂ ಗಿಗಾಬಿಟ್‌ನವಾಗಿದ್ದು ವೇಗ 100 ಎಂದು ಬಂದರೆ ಉಳಿದ ಎರಡು ಜೊತೆಗಳಲ್ಲಿ ಎಲ್ಲೋ ತುಂಡಾಗಿದೆ ಎಂದು ಹೆಚ್ಚಿನ ಮಟ್ಟಿಗೆ ಹೇಳಬಹುದು. ಒಮ್ಮೆ ಕಂಪ್ಯೂಟರ್ ಆರಿಸಿ, ಪವರ್ ಕೇಬಲನ್ನೇ ಗೋಡೆಯಿಂದ ಕಿತ್ತು, ಪವರ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಬಿಟ್ಟು ಮತ್ತೆ ಹಚ್ಚಿ. ಆರಿಸಿದರೂ ಲ್ಯಾನ್ ಚಿಪ್ಪಿಗೆ ಸ್ಟ್ಯಾಂಡ್‌ಬೈ ವಿದ್ಯುತ್ತು ಹೋಗುತ್ತಲೇ ಇರುತ್ತದೆ. ಏರಿಳಿತದ ನಂತರ ಚಿಪ್ಪು ಎಡವಟ್ಟು ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಇದರಿಂದ ಬಿಡುಗಡೆಯಾಗುವುದುಂಟು.

ತಾಳಮದ್ದಳೆ_ಬ್ರಹ್ಮಾವರ:

ಇಬ್ಬರಿಗೂ ಧನ್ಯವಾದಗಳು. ಡಿಸ್ಕಿನ ‘ಸ್ಮಾರ್ಟ್’ ಮಾಹಿತಿಯಲ್ಲಿ ‘ಪೆಂಡಿಂಗ್’ ಸೊನ್ನೆ ಇದೆ, ‘ರೀಅಲೊಕೇಟೆಡ್’ ಎದುರು ಚಿಕ್ಕದೊಂದು ಸಂಖ್ಯೆ ಇದೆ, ಅದು ಏರಿಲ್ಲ. ಡಿಸ್ಕನ್ನು ಈಗ ಓದಲು ಮಾತ್ರ ತೆರೆದಿದ್ದೇನೆ.

‘ಐಪಿ ಲಿಂಕ್’ನಲ್ಲಿ ಇಎನ್‌ಪಿ2ಎಸ್0 ಎಂಬ ಕಾರ್ಡ್ ‘ಅಪ್’ ಎಂದು ಕಾಣಿಸುತ್ತದೆ. ಸಂಪರ್ಕ ಕಡಿದಾಗ ಅಲ್ಲಿಯೇ ‘ನೋ ಕ್ಯಾರಿಯರ್’ ಎಂದಾಗುತ್ತದೆ. ‘ಐಪಿ ರೂಟ್’ನಲ್ಲಿ 192.168.1.1 ಮೂಲಕ ಎಂಬ ಸಾಲಿದೆ. ‘ಡಿಎಂಇಎಸ್‌ಜಿ’ಯಲ್ಲಿ ಆರ್8169 ಎಂಬ ಹೆಸರಿನೊಂದಿಗೆ ‘ಲಿಂಕ್ ಈಸ್ ಡೌನ್’, ‘ಲಿಂಕ್ ಈಸ್ ಅಪ್, 100 ಎಂಬಿಪಿಎಸ್’ ಎಂಬ ಸಾಲುಗಳು ಒಂದರ ಕೆಳಗೊಂದು ಸಾಲುಗಟ್ಟಿವೆ. ಕೇಬಲ್‌ನ ರೂಟರ್ ಬದಿಯ ತುದಿಯಲ್ಲಿ ನಾಲ್ಕನೆಯ ಮತ್ತು ಐದನೆಯ ಪಿನ್ನುಗಳ ಮೇಲೆ ಕಿಲುಬು ಸ್ಪಷ್ಟವಾಗಿ ಕಾಣುತ್ತಿದೆ. ಮೂರನೆಯದರ ಅಂಚೂ ಕಪ್ಪಾಗಿದೆ. ಆ ತುದಿ ಇರುವುದು ಕಿಟಕಿಯ ಪಕ್ಕದಲ್ಲಿ.

‘ಆಪ್ಟ್ ಅಪ್‌ಡೇಟ್’ ಕೊಟ್ಟಾಗ ‘ಜ್ಯಾಮಿ’ ಎಂಬ ಸಾಲಿಗೆ ತೊಂದರೆ ಹೇಳಲಿಲ್ಲ. ಆದರೆ ‘ಜ್ಯಾಮಿ ಅಪ್‌ಡೇಟ್ಸ್’, ‘ಜ್ಯಾಮಿ ಸೆಕ್ಯುರಿಟಿ’ ಎಂಬವುಗಳಿಗೆ ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಎಂದು ಹೇಳಿ, ಇನ್ನೂ ನೂರಾರು ದಿನಗಳ ಕಾಲ ಮಾನ್ಯವಲ್ಲ ಎಂಬ ಅರ್ಥದ ಮಾತು ಬಂದಿದೆ. ಎಲ್‌ಎಸ್‌ಯುಎಸ್‌ಬಿ ಕೊಟ್ಟಾಗ ಡಾಂಗಲ್‌ನ ಎದುರು 0ಬಿಡಿಎ:1ಎ2ಬಿ ಎಂದಿದೆ.

ಸುರತ್ಕಲ್_ಕಡಲತಡಿ:

‘ಇನ್ನೂ ಮಾನ್ಯವಲ್ಲ’ ಎಂಬ ಆ ಒಂದು ಸಾಲಿನಲ್ಲಿಯೇ ನಿಮ್ಮ ಬ್ರೌಸರ್ ಸಮಸ್ಯೆಯ ಉತ್ತರವಿದೆ. ಟರ್ಮಿನಲ್‌ನಲ್ಲಿ ‘ಡೇಟ್’ ಎಂದು ಬರೆದು ನೋಡಿ. 2022ನೇ ಇಸವಿಯ ಯಾವುದೋ ದಿನಾಂಕ ಬರುತ್ತದೆ ಎಂದು ನನ್ನ ಅಂದಾಜು.

ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಲೈವ್ ವ್ಯವಸ್ಥೆಗಳಲ್ಲಿ ಇದು ಬಹಳ ಮಂದಿಯನ್ನು ಅಲೆದಾಡಿಸುತ್ತದೆ. ಮದರ್‌ಬೋರ್ಡಿನಲ್ಲಿ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಇರುತ್ತದೆ. ಕಂಪ್ಯೂಟರ್‌ಗೆ ವಿದ್ಯುತ್ತು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಅದು ಬತ್ತಿಹೋದರೆ ಪ್ಲಗ್ ಕಿತ್ತ ಪ್ರತಿಸಲವೂ ಗಡಿಯಾರ ಬೋರ್ಡು ತಯಾರಾದ ಕಾಲಕ್ಕೆ ಹಿಂದಿರುಗುತ್ತದೆ. ಸಿಡಿಲಿನ ಭಯಕ್ಕೆ ಪ್ಲಗ್ ಕಿತ್ತಿಡುವ ನಮ್ಮ ಊರುಗಳಲ್ಲಿ ಇದು ಬೇಗನೆ ಬಯಲಾಗುತ್ತದೆ. ಆದರೆ ಮಿಂಟ್, ಉಬುಂಟು, ಡೆಬಿಯನ್ ಮುಂತಾದವುಗಳಲ್ಲಿರುವ ಸಿಸ್ಟಂಡಿ ಎಂಬ ತಂತ್ರಾಂಶ, ತಾನು ತಯಾರಾದ ದಿನಕ್ಕಿಂತ ಹಿಂದಿನ ಸಮಯವನ್ನು ನಂಬುವುದಿಲ್ಲ. ಗಡಿಯಾರ 2010 ಎಂದು ಹೇಳಿದರೆ, ಅದು ಸಾಧ್ಯವಿಲ್ಲವೆಂದು ತಿಳಿದು ತಾನು ತಯಾರಾದ ದಿನಾಂಕಕ್ಕೆ ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಮೂಲೆಯಲ್ಲಿ ಕಾಣುವ ದಿನಾಂಕ ತೀರ ಅಸಂಬದ್ಧವಾಗಿ ತೋರುವುದಿಲ್ಲ, ಗಂಟೆ ನಿಮಿಷಗಳು ನಡೆಯುತ್ತಲೂ ಇರುತ್ತವೆ, ಇಸವಿಯನ್ನು ಯಾರೂ ಗಮನಿಸುವುದಿಲ್ಲ. ಅಲ್ಲಿ ಕಾಣುತ್ತಿರುವುದು ನಿಮ್ಮ ಪೆನ್‌ಡ್ರೈವ್‌ನಲ್ಲಿರುವ ವ್ಯವಸ್ಥೆಯ ವಯಸ್ಸು. ಮಿಂಟ್ 21 ಬಂದದ್ದು 2022ರ ಜುಲೈಯಲ್ಲಿ.

ಈಗ ತಾಣ ಅಸಲಿಯೇ ಎಂದು ಬ್ರೌಸರ್‌ಗೆ ತೋರಿಸುವ ಪ್ರಮಾಣಪತ್ರಗಳನ್ನು ನೋಡಿ. ಪ್ರತಿ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಮಿತಿ ಇರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸಾಮಾನ್ಯ ಪ್ರಮಾಣಪತ್ರಗಳ ಅವಧಿ 90 ದಿನಗಳು. 2022ರಲ್ಲಿ ಕುಳಿತಿರುವ ಕಂಪ್ಯೂಟರ್‌ಗೆ ಇಂದು ಚಾಲ್ತಿಯಲ್ಲಿರುವ ಪ್ರಮಾಣಪತ್ರಗಳೆಲ್ಲ ಮುಂದೆಂದೋ ಹುಟ್ಟಬೇಕಾದವು, ಹಾಗಾಗಿ ಒಂದನ್ನೂ ಅದು ಒಪ್ಪುವುದಿಲ್ಲ. ಪಿಂಗ್‌ಗೆ ದಿನಾಂಕದ ಹಂಗಿಲ್ಲ, ಡಿಎಚ್‌ಸಿಪಿಗೂ ಇಲ್ಲ, ಅದಕ್ಕೇ ಅವು ಸಲೀಸಾಗಿ ನಡೆದವು. ‘ಜ್ಯಾಮಿ’ ಎಂಬ ಮೂಲ ಭಂಡಾರದ (ಮಿಂಟ್ 21ಕ್ಕೆ ಆಧಾರವಾದ ಉಬುಂಟು 22.04ರದ್ದು) ಸಹಿ 2022ರ ಏಪ್ರಿಲ್‌ನದ್ದು, ಅಂದರೆ ನಿಮ್ಮ ಗಡಿಯಾರದ ದೃಷ್ಟಿಯಲ್ಲಿ ಹಳೆಯದು, ಹಾಗಾಗಿ ಅದು ದಾಟಿತು. ಆಗಾಗ ಹೊಸದಾಗಿ ಸಹಿಯಾಗುವ ‘ಅಪ್‌ಡೇಟ್ಸ್’ ಮತ್ತು ‘ಸೆಕ್ಯುರಿಟಿ’ ಎರಡೂ ಬಿದ್ದವು. ಇಷ್ಟು ಚೊಕ್ಕದಾದ ಸುಳಿವು ಬ್ರೌಸರ್‌ನ ಎಚ್ಚರಿಕೆಯ ಪುಟದಿಂದ ಸಿಗುತ್ತಿರಲಿಲ್ಲ, ಆಪ್ಟ್‌ನ ಮಾತನ್ನು ಕೇಳಿ ತರಿಸಿದ ಕದ್ರಿಯವರಿಗೆ ನನ್ನ ಮೆಚ್ಚುಗೆ ಸಲ್ಲಬೇಕು.

ಅಂತರಜಾಲ ಸಿಕ್ಕಿದ ಮೇಲೆ ಗಡಿಯಾರ ತಾನಾಗಿಯೇ ಸರಿಹೋಗಬೇಕಲ್ಲವೇ ಎಂಬ ಪ್ರಶ್ನೆ ಏಳಬಹುದು. ಸರಿಹೋಗಬೇಕು. ಆದರೆ ಸಮಯ ಕೇಳುವ ಎನ್‌ಟಿಪಿ ಪ್ಯಾಕೆಟ್‌ಗಳು ಯುಡಿಪಿ 123ನೇ ಪೋರ್ಟಿನಲ್ಲಿ ಹೋಗುತ್ತವೆ, ಆ ಪೋರ್ಟನ್ನು ಕೆಲವು ರೂಟರ್‌ಗಳೂ ಕೆಲವು ಜಾಲಗಳೂ ಮುಚ್ಚಿರುತ್ತವೆ. ಅದರ ಮೇಲೆ ನಿಮ್ಮ ತಂತಿಯೂ ಕಡಿಯುತ್ತಿದೆ. ‘ಟೈಮ್‌ಡೇಟ್‌ಸಿಟಿಎಲ್’ ಎಂದಷ್ಟೇ ಕೊಟ್ಟರೆ ‘ಸಿಸ್ಟಂ ಕ್ಲಾಕ್ ಸಿಂಕ್ರೊನೈಸ್ಡ್’ ಎಂಬ ಸಾಲಿನ ಮುಂದೆ ‘ನೋ’ ಎಂದಿರುತ್ತದೆ. ಕೈಯಿಂದಲೇ ಸರಿಪಡಿಸಿ. ಮೊದಲು ‘ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಫಾಲ್ಸ್’ ಕೊಡಬೇಕು, ಇಲ್ಲವಾದರೆ ಸ್ವಯಂಚಾಲಿತ ಹೊಂದಾಣಿಕೆ ಚಾಲ್ತಿಯಲ್ಲಿದೆ ಎಂದು ಹೇಳಿ ನಿಮ್ಮನ್ನು ತಡೆಯುತ್ತದೆ. ಆಮೇಲೆ ‘ಸೆಟ್-ಟೈಮ್‌ಝೋನ್’ ಕೊಟ್ಟು ಏಷ್ಯಾ/ಕೋಲ್ಕತಾ ಎಂದು ಆರಿಸಿ, ‘ಸೆಟ್-ಟೈಮ್’ ಕೊಟ್ಟು ಮೊಬೈಲ್ ನೋಡಿ ಇಂದಿನ ದಿನಾಂಕ, ಸಮಯ ತುಂಬಿ. ಬ್ರೌಸರನ್ನು ಮುಚ್ಚಿ ಮತ್ತೆ ತೆರೆಯಿರಿ. ಒಂದೆರಡು ನಿಮಿಷ ಹೆಚ್ಚುಕಡಿಮೆಯಾದರೆ ತೊಂದರೆಯಿಲ್ಲ. ಎಚ್ಚರಿಕೆಯ ಪುಟದಲ್ಲಿ ‘ಅಪಾಯವನ್ನು ಒಪ್ಪಿ ಮುಂದುವರಿಯಿರಿ’ ಎಂಬ ಗುಂಡಿ ಇದೆಯೆಂದು ಅದನ್ನು ಒತ್ತುತ್ತಾ ಹೋಗುವುದು ಮಾತ್ರ ಬೇಡ, ಏಕೆಂದರೆ ಆಮೇಲೆ ನೀವು ನಿಮ್ಮ ಖಾತೆಯ ಪಾಸ್‌ವರ್ಡ್ ಹಾಕಲಿದ್ದೀರಿ.

ಬ್ಯಾಟರಿ ಬತ್ತಿರುವುದರಿಂದ ಈ ತಿದ್ದುಪಡಿ ಪ್ಲಗ್ ಕೀಳುವವರೆಗೆ ಮಾತ್ರ ಎಂಬುದು ನೆನಪಿರಲಿ. ಬ್ಯಾಟರಿ ವಾಚ್ ರಿಪೇರಿ ಅಂಗಡಿಯಲ್ಲಿಯೂ ಸಿಗುತ್ತದೆ. ಕಂಪ್ಯೂಟರ್ ಉಳಿಸಿಕೊಳ್ಳುವುದಾದರೆ ಬದಲಿಸಿ.

ಡಾಂಗಲ್‌ನ ಕಥೆಯೂ ಪೆನ್‌ಡ್ರೈವ್‌ನ ವಯಸ್ಸಿನೊಂದಿಗೇ ಹೊಂದಿಕೊಂಡಿದೆ. 0ಬಿಡಿಎ:1ಎ2ಬಿ ಎಂಬುದು ರಿಯಲ್‌ಟೆಕ್‌ನ ಕೆಲವು ಡಾಂಗಲ್‌ಗಳು ಸಿಡಿಯ ವೇಷದಲ್ಲಿರುವಾಗ ತೋರಿಸುವ ಗುರುತು. ವಿಂಡೋಸ್‌ನ ಡ್ರೈವರ್ ಅದರೊಳಗೇ ತುಂಬಿರುತ್ತದೆ. ಪರದೆಯ ಮೇಲಿನ ಆ ಸಿಡಿಯ ಚಿತ್ರವನ್ನು ‘ಎಜೆಕ್ಟ್’ ಮಾಡಿದರೆ ಅದು ವೇಷ ಕಳಚಿ ವೈಫೈ ಸಾಧನವಾಗಿ ಮತ್ತೆ ಕಾಣಿಸಿಕೊಳ್ಳಬಹುದು. ಆದರೂ ಅದನ್ನು ನಡೆಸುವ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇರಬೇಕಲ್ಲ? ರಿಯಲ್‌ಟೆಕ್‌ನ ಆರ್‌ಟಿಡಬ್ಲ್ಯು88 ಡ್ರೈವರ್‌ಗೆ ಯುಎಸ್‌ಬಿ ಬೆಂಬಲ ಬಂದದ್ದು ಲಿನಕ್ಸ್ 6.2ರಲ್ಲಿ. ಮಿಂಟ್ 21ರಲ್ಲಿರುವುದು 5.15. 2024ರಲ್ಲಿ ಬಂದ ಮಿಂಟ್ 22ರಲ್ಲಿ 6.8 ಇದೆ, ಅದರ ಪೆನ್‌ಡ್ರೈವ್‌ನಲ್ಲಿ ಡಾಂಗಲ್ ತಾನಾಗಿಯೇ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಲೈವ್ ವ್ಯವಸ್ಥೆಯಲ್ಲಿ ಡ್ರೈವರ್ ಕಟ್ಟಿ ಸೇರಿಸುವ ಸಾಹಸಕ್ಕೆ ಹೋಗಬೇಡಿ, ಬೂಟ್ ಆದೊಡನೆ ಅಷ್ಟೂ ಶ್ರಮ ಹೋಗುತ್ತದೆ. ತುರ್ತಿಗೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಹಾಕಿದರೆ ಲಿನಕ್ಸ್ ಅದನ್ನು ಇನ್ನೊಂದು ಲ್ಯಾನ್ ಕಾರ್ಡ್ ಎಂದೇ ಕಾಣುತ್ತದೆ. ಇದಕ್ಕೆ ಪ್ರತ್ಯೇಕ ಫರ್ಮ್‌ವೇರ್ ಬೇಡ. ಫೋನ್ ವೈಫೈಗೆ ಸೇರಿದ್ದರೆ ನಿಮ್ಮ ರೂಟರ್‌ನ ಸಂಪರ್ಕವೇ ಅದರ ಮೂಲಕ ಬರುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ.

ಕಾರ್ಕಳ_ಬಂಡೆ:

ಸುರತ್ಕಲ್‌ನವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಅಂತರಜಾಲಕ್ಕೆ ಏರಿಸುವ ಯೋಚನೆಯ ಬಗ್ಗೆಯೇ ನನ್ನ ಭಿನ್ನಾಭಿಪ್ರಾಯವಿದೆ. ಡಿಸ್ಕ್ ಎಷ್ಟು ದಿನ ಬಾಳುತ್ತದೆ ಎಂಬುದು ಗೊತ್ತಿಲ್ಲದಿರುವಾಗ, ಮನೆಯ ಸಂಪರ್ಕದ ಏರುವೇಗದಲ್ಲಿ ಗಂಟೆಗಟ್ಟಲೆ ಅದನ್ನು ತಿರುಗಿಸುತ್ತಾ ಕೂರುವುದು ಸರಿಯಲ್ಲ. ನಡುವೆ ಕರೆಂಟು ಹೋದರೆ ಲೈವ್ ವ್ಯವಸ್ಥೆಗೆ ಎಲ್ಲಿಯವರೆಗೆ ಬಂದಿದ್ದೆವು ಎಂಬ ನೆನಪೂ ಉಳಿಯುವುದಿಲ್ಲ. ಸಂಘದಲ್ಲಿ ಯಾರ ಬಳಿಯಾದರೂ ಜಾಗ ಇರುವ ಲ್ಯಾಪ್‌ಟಾಪ್ ಇದ್ದರೆ ಅದನ್ನು ತಂದು ನಡುವೆ ಒಂದು ಲ್ಯಾನ್ ಕೇಬಲ್ ನೇರವಾಗಿ ಸಿಕ್ಕಿಸಿ. ರೂಟರ್ ಬೇಡ, ಅಂತರಜಾಲ ಬೇಡ, ಪ್ರಮಾಣಪತ್ರ ಬೇಡ, ಗಡಿಯಾರ ತಪ್ಪಿದ್ದರೂ ನಡೆಯುತ್ತದೆ. ಹಿಂದಿನ ಕಾಲದ ಹಾಗೆ ಅಡ್ಡತಂತಿಯ ವಿಶೇಷ ಕೇಬಲ್ ಕೂಡ ಬೇಡ, ಗಿಗಾಬಿಟ್ ಕಾರ್ಡ್‌ಗಳು ತಾವೇ ಹೊಂದಿಸಿಕೊಳ್ಳುತ್ತವೆ.

ನಡುವೆ ವಿಳಾಸ ಕೊಡುವವರು ಯಾರೂ ಇಲ್ಲದಿರುವುದರಿಂದ ಎರಡೂ ಕಡೆ ಕೈಯಿಂದ ವಿಳಾಸ ಕೊಡಬೇಕು. ಲೈವ್ ಕಂಪ್ಯೂಟರ್‌ನಲ್ಲಿ 192.168.50.1, ಲ್ಯಾಪ್‌ಟಾಪ್‌ನಲ್ಲಿ 192.168.50.2, ಎರಡಕ್ಕೂ ಮಾಸ್ಕ್ 255.255.255.0, ಗೇಟ್‌ವೇಯ ಜಾಗ ಖಾಲಿ ಇರಲಿ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದ್ದರೆ ಒಂದು ಫೋಲ್ಡರನ್ನು ಬರೆಯುವ ಅನುಮತಿಯೊಂದಿಗೆ ಹಂಚಿ, ಮಿಂಟ್‌ನ ಫೈಲ್ ಮ್ಯಾನೇಜರ್‌ನ ವಿಳಾಸಪಟ್ಟಿಯಲ್ಲಿ ‘ಎಸ್‌ಎಂಬಿ’ ಎಂದು ಹಾಕಿ ಆ ವಿಳಾಸ ಕೊಟ್ಟರೆ ಫೋಲ್ಡರ್ ತೆರೆಯುತ್ತದೆ. ವಿಂಡೋಸ್ ಈ ಹೊಸ ಸಂಪರ್ಕವನ್ನು ‘ಪಬ್ಲಿಕ್’ ಎಂದು ಪರಿಗಣಿಸಿ ಬಾಗಿಲು ಮುಚ್ಚಿರುವುದುಂಟು, ಅದನ್ನು ‘ಪ್ರೈವೇಟ್’ ಮಾಡಿಕೊಳ್ಳಿ. ಲೆಕ್ಕ ಹಾಕಿ ನೋಡಿ: 100 ಮೆಗಾಬಿಟ್‌ನಲ್ಲಿಯೇ ಕೇಬಲ್ ನಿಂತರೂ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಹೋಗುತ್ತದೆ, ಅಂದರೆ ಗಂಟೆಗೆ ಹತ್ತಿರ ಹತ್ತಿರ 40 ಗಿಗಾಬೈಟ್. ಮೊದಲು ಬೇರೆಲ್ಲಿಯೂ ಇಲ್ಲದ ಧ್ವನಿಮುದ್ರಣಗಳನ್ನು ತೆಗೆಯಿರಿ. ಸ್ಕ್ಯಾನ್ ಪ್ರತಿಗಳ ಮೂಲ ಯಾರದಾದರೂ ಮನೆಯಲ್ಲಿ ಇದ್ದೀತು, ಧ್ವನಿಗೆ ಮೂಲ ಇದೊಂದೇ.

ಕದ್ರಿ_ಗುಡ್ಡೆ:

ಕಾರ್ಕಳದವರ ಸಲಹೆ ನನ್ನದಕ್ಕಿಂತ ಒಳ್ಳೆಯದು, ಅದನ್ನೇ ಮಾಡಿ. ಒಂದು ಅಡಚಣೆ ಬರಬಹುದೆಂದು ಮುಂಚಿತವಾಗಿ ಹೇಳುತ್ತೇನೆ. ‘ಐಪಿ ಅಡ್ರೆಸ್ ಆಡ್’ ಆಜ್ಞೆಯಿಂದ ವಿಳಾಸ ಕೊಟ್ಟರೆ ಹಿನ್ನೆಲೆಯಲ್ಲಿ ಕೆಲಸ ಮಾಡುವ ನೆಟ್‌ವರ್ಕ್ ಮ್ಯಾನೇಜರ್ ಡಿಎಚ್‌ಸಿಪಿಗಾಗಿ ಕಾದು, ಸಾಮಾನ್ಯವಾಗಿ 45 ಸೆಕೆಂಡುಗಳ ನಂತರ ಸೋತು, ನೀವು ಕೊಟ್ಟ ವಿಳಾಸವನ್ನೂ ಸೇರಿಸಿ ಅಳಿಸಿಹಾಕಬಹುದು. ಈಗ ಇದ್ದದ್ದು ಈಗ ಇಲ್ಲ ಎಂದು ತಲೆ ಕೆಡಿಸಿಕೊಳ್ಳುವ ಬದಲು, ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಐಪಿವಿ4 ಪುಟದಲ್ಲಿಯೇ ‘ಮ್ಯಾನುಯಲ್’ ಆರಿಸಿ ವಿಳಾಸ ತುಂಬಿ ಉಳಿಸಿ.

ಮುಂದೆ ಅಂತರಜಾಲಕ್ಕೆ ಏರಿಸುವಾಗ ಚಿಕ್ಕ ಪುಟಗಳು ತೆರೆದು ದೊಡ್ಡ ಫೈಲ್‌ಗಳು ಮಾತ್ರ ಸ್ತಬ್ಧವಾಗುವುದು ಕಂಡುಬಂದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಪರೀಕ್ಷಿಸಿ. ಪಿಪಿಪಿಒಇ (ರೂಟರ್ ಲಾಗಿನ್ ಕೊಟ್ಟು ಸೇರುವ ವಿಧಾನ) ಮೂಲಕ ಬರುವ ಸಂಪರ್ಕಗಳಲ್ಲಿ ಪ್ಯಾಕೆಟ್‌ನ ಮಿತಿ 1500ರ ಬದಲು 1492. ತುಂಡು ಮಾಡಬಾರದೆಂಬ ಸೂಚನೆಯೊಂದಿಗೆ 1472 ಗಾತ್ರದ ಪಿಂಗ್ (ತಲೆಬರಹದ 28 ಬೈಟ್ ಸೇರಿ 1500) ಕಳುಹಿಸಿದಾಗ ಬಿದ್ದು, 1464ಕ್ಕೆ ದಾಟಿದರೆ ಸಮಸ್ಯೆ ಅದೇ. ನಿಮಗೀಗ ಅದರ ಲಕ್ಷಣ ಕಾಣುತ್ತಿಲ್ಲ.

ತಾಳಮದ್ದಳೆ_ಬ್ರಹ್ಮಾವರ:

ಸುರತ್ಕಲ್‌ನವರೇ, ದಿನಾಂಕ ನೀವು ಹೇಳಿದಂತೆಯೇ 2022 ಎಂದು ಇತ್ತು. ಸಮಯ ಸರಿಪಡಿಸಿದೊಡನೆ ಬ್ರೌಸರ್ ತೆರೆಯಿತು, ಆಪ್ಟ್ ಕೂಡ ದೂರು ಹೇಳಲಿಲ್ಲ. ಆದರೂ ಕಾರ್ಕಳದವರ ಮಾತಿನಂತೆ ಅಂತರಜಾಲದ ಯೋಚನೆಯನ್ನು ಸದ್ಯಕ್ಕೆ ಬಿಟ್ಟು, ಸಂಘದ ಭಾಗವತರ ಮಗಳ ಲ್ಯಾಪ್‌ಟಾಪ್ ತರಿಸಿ ಹೊಸ ಕೇಬಲ್‌ನಿಂದ ನೇರವಾಗಿ ಜೋಡಿಸಿದೆವು. ವಿಳಾಸ ಮ್ಯಾನುಯಲ್ ಆಗಿ ಕೊಟ್ಟ ಮೇಲೆ ಒಮ್ಮೆಯೂ ಕಡಿಯಲಿಲ್ಲ. ‘ಈಥ್‌ಟೂಲ್’ ಈಗ 1000 ಎಂದು ತೋರಿಸುತ್ತಿದೆ, ಆದ್ದರಿಂದ ಪೋರ್ಟಿಗೆ ಸಿಡಿಲಿನಿಂದ ಏನೂ ಆಗಿಲ್ಲವೆಂದು ಭಾವಿಸಿದ್ದೇನೆ. ಧ್ವನಿಮುದ್ರಣಗಳ ಫೋಲ್ಡರ್ ಪೂರ್ತಿ ಬಂದಿದೆ, ಬೇರೆ ಬೇರೆ ವರ್ಷದ ಕೆಲವು ಫೈಲ್‌ಗಳನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ಕೇಳಿಯೂ ನೋಡಿದೆವು. ಸ್ಕ್ಯಾನ್ ಚಿತ್ರಗಳು ಈಗ ಹೋಗುತ್ತಿವೆ. ಒಂದು ಫೋಲ್ಡರ್‌ನಲ್ಲಿ ಮಾತ್ರ ನಕಲು ನಿಂತು ‘ಇನ್‌ಪುಟ್ ಔಟ್‌ಪುಟ್ ಎರರ್’ ಎಂದು ಬರುತ್ತಿದೆ. ಅದನ್ನು ಹಾಗೆಯೇ ಬಿಟ್ಟು ಮುಂದಕ್ಕೆ ಹೋಗಬೇಕೇ ಅಥವಾ ಮತ್ತೆ ಮತ್ತೆ ಪ್ರಯತ್ನಿಸಬೇಕೇ?

ಕಾರ್ಕಳ_ಬಂಡೆ:

ಮತ್ತೆ ಪ್ರಯತ್ನಿಸಬೇಡಿ, ಆ ಫೋಲ್ಡರನ್ನು ಬಿಟ್ಟು ಉಳಿದದ್ದನ್ನೆಲ್ಲ ಮೊದಲು ತೆಗೆಯಿರಿ. ಅದು ನೆಟ್‌ವರ್ಕಿನ ದೋಷವಲ್ಲ, ಡಿಸ್ಕಿನ ಆ ಭಾಗ ಓದಲಾಗುತ್ತಿಲ್ಲ ಎಂಬ ಸೂಚನೆ. ಒಂದೇ ಜಾಗವನ್ನು ಕೆದಕಿದಷ್ಟೂ ಡಿಸ್ಕ್ ದಣಿಯುತ್ತದೆ. ಉಳಿದದ್ದು ಬಂದ ಮೇಲೆ ಹಳೆಯ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕ್ ಒಂದನ್ನು ತಂದು, ಸಿಸ್ಟಂರೆಸ್ಕ್ಯೂ ಎಂಬ ಲೈವ್ ವ್ಯವಸ್ಥೆಯಿಂದ ಬೂಟ್ ಮಾಡಿ, ಅದರಲ್ಲಿಯೇ ಇರುವ ‘ಡಿಡಿರೆಸ್ಕ್ಯೂ’ನಿಂದ ಇಡೀ ಡಿಸ್ಕಿನ ಪ್ರತಿ ತೆಗೆಯಿರಿ. ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ತೆಗೆದು, ಕಷ್ಟದವುಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಆಗಿದೆ ಎಂಬುದನ್ನು ಬರೆದಿಡುವ ಮ್ಯಾಪ್ ಫೈಲನ್ನು ಕಡ್ಡಾಯವಾಗಿ ಬೇರೊಂದು ಪೆನ್‌ಡ್ರೈವ್‌ನಲ್ಲಿ ಇಡಿ, ಲೈವ್ ವ್ಯವಸ್ಥೆಯ ಮನೆ ಫೋಲ್ಡರ್‌ನಲ್ಲಿ ಇಟ್ಟರೆ ಕರೆಂಟು ಹೋದೊಡನೆ ಅದೂ ಹೋಗುತ್ತದೆ.

ದಕ್ಕೆ_ಮಲ್ಪೆ:

ಕಿಲುಬು ಹಿಡಿದ ಆ ಹಳೆಯ ಕೇಬಲ್‌ಗೆ ಹೊಸ ತುದಿ ಹೊಡೆದರೆ ಸಾಕು, ಇಡೀ ಕೇಬಲ್ ಬದಲಿಸಬೇಕಾಗಿಲ್ಲ. ಕಿಟಕಿಯ ಬದಿಯಿಂದ ಒಂದು ಗೇಣು ಕತ್ತರಿಸಿ, ಒಳಗಿನ ತಾಮ್ರ ಕೆಂಪಗೆ ಕಾಣುವಲ್ಲಿಂದ ಹೊಡೆಯಿರಿ. ರೂಟರನ್ನು ಕಿಟಕಿಯಿಂದ ದೂರ ಸರಿಸಿ. ಗುಡುಗು ಕೇಳಿದಾಗ ಪವರ್ ಪ್ಲಗ್ ಮಾತ್ರ ಕಿತ್ತು ಲ್ಯಾನ್ ಕೇಬಲನ್ನು ಹಾಗೆಯೇ ಬಿಡುವವರು ಬಹಳ ಮಂದಿ ಇದ್ದಾರೆ. ಹೊರಗಿನಿಂದ ಬರುವ ಫೈಬರ್ ಗಾಜಿನದ್ದಾದರೂ ರೂಟರ್‌ನ ಅಡಾಪ್ಟರ್ ಮನೆಯ ವಿದ್ಯುತ್ ಲೈನಿನಲ್ಲಿಯೇ ಇರುವುದರಿಂದ, ಅಲ್ಲಿಂದ ಹೊಕ್ಕದ್ದು ಲ್ಯಾನ್ ಕೇಬಲ್‌ನ ತಾಮ್ರದ ಮೂಲಕ ಕಂಪ್ಯೂಟರ್‌ವರೆಗೆ ಬರಬಹುದು. ಆದ್ದರಿಂದ ಎರಡನ್ನೂ ಕಿತ್ತಿಡಿ.